ಎರಡು ದಡಗಳ ನಡುವಿನ ತೆರೆ: ಹೊರನಾಡ ಭಾರತೀಯರ ಸ್ವತಂತ್ರ ಸಿನಿಮಾ ಮತ್ತು ಅದರ ಉತ್ಸವಗಳು

ಹೊರನಾಡಿನಲ್ಲಿ ನೆಲೆಸಿದ ಭಾರತೀಯರು ದೊಡ್ಡ ಸ್ಟುಡಿಯೊಗಳ ಹಂಗಿಲ್ಲದೆ ಮಾಡಿದ ಸಿನಿಮಾಗಳಿಗೆ ಇಂದು ನ್ಯೂಯಾರ್ಕ್, ಲಾಸ್ ಏಂಜಲೀಸ್, ಲಂಡನ್, ಸ್ಯಾನ್‌ಫ್ರಾನ್ಸಿಸ್ಕೊಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ಚಿತ್ರೋತ್ಸವಗಳಿವೆ. ಇವುಗಳಲ್ಲಿ ಹೆಚ್ಚಿನವು ಹುಟ್ಟಿದ್ದು 1998ರಿಂದ 2010ರ ನಡುವೆ. ಆದರೆ ಸಿನಿಮಾಗಳು ಅದಕ್ಕಿಂತ ಹಳೆಯವು. ಮೊದಲ ಚಿತ್ರಕ್ಕೂ ಮೊದಲ ಉತ್ಸವಕ್ಕೂ ನಡುವೆ ಮೂರೂವರೆ ದಶಕಗಳ ಅಂತರವಿದೆ. ಅಷ್ಟು ಕಾಲ ಈ ಸಿನಿಮಾಗಳಿಗೆ ತಮ್ಮದೇ ಆದ ತೆರೆ ಇರಲಿಲ್ಲ. ಅವನ್ನು ಮಾಡಿದವರು ಚಿತ್ರಕಥೆ ಬರೆಯಲು ಪಟ್ಟ ಪಾಡಿಗಿಂತ ಚಿತ್ರಮಂದಿರ ಹುಡುಕಲು ಪಟ್ಟ ಪಾಡು ದೊಡ್ಡದು. ಉತ್ಸವಗಳ ಚರಿತ್ರೆಯನ್ನು ಬಿಡಿಸಿ ಹೇಳಬೇಕಾದರೆ ಈ ಪಾಡಿನಿಂದಲೇ ಆರಂಭಿಸಬೇಕು.

ಪ್ರೇಕ್ಷಕರು ಇರಲಿಲ್ಲವೆಂದಲ್ಲ. ಬ್ರಿಟನ್ನಿನ ಕಾರ್ಖಾನೆಗಳಿಗೆ ದುಡಿಯಲು ಹೋದ ಪಂಜಾಬಿಗಳು 1950ರ ದಶಕದಲ್ಲೇ ಬಾಡಿಗೆ ಚಿತ್ರಮಂದಿರಗಳಲ್ಲಿ ವಾರದ ಕೊನೆಗೆ ಹಿಂದಿ ಸಿನಿಮಾ ನೋಡುತ್ತಿದ್ದರು. ಲಂಡನ್ನಿನ ಸೌತ್‌ಹಾಲ್‌ನಲ್ಲಿ ಭಾರತೀಯ ಕಾರ್ಮಿಕರ ಸಂಘವು 1960ರ ದಶಕದಲ್ಲಿ ಡೊಮಿನಿಯನ್ ಎಂಬ ಚಿತ್ರಮಂದಿರವನ್ನೇ ಕೊಂಡುಕೊಂಡಿತು. ಸಿನಿಮಾ ತೋರಿಸಿ ಬಂದ ಹಣ ಸಂಘದ ಕೆಲಸಕ್ಕೆ ನೆರವಾಗುತ್ತಿತ್ತು. ಅಮೆರಿಕದಲ್ಲಿ 1965ರ ವಲಸೆ ಕಾನೂನು ಬಾಗಿಲು ತೆರೆದ ಮೇಲೆ ಹೋದ ವೈದ್ಯರು, ಎಂಜಿನಿಯರುಗಳು ಕಾಲೇಜು ಸಭಾಂಗಣಗಳನ್ನು ಹಿಡಿದು ಊರಿನಿಂದ ತರಿಸಿದ ರೀಲುಗಳನ್ನು ಓಡಿಸಿದರು. ಕನ್ನಡ ಕೂಟಗಳೂ ಹೀಗೆಯೇ ಒಂದು ಆಟದ ಮಟ್ಟಿಗೆ ತೆರೆ ಬಾಡಿಗೆಗೆ ಹಿಡಿದು ಕನ್ನಡ ಚಿತ್ರ ತೋರಿಸುತ್ತ ಬಂದವು. 1980ರ ದಶಕದಲ್ಲಿ ದಿನಸಿ ಅಂಗಡಿಯ ಮೂಲೆಯಲ್ಲಿ ವಿಡಿಯೊ ಕ್ಯಾಸೆಟ್ಟುಗಳು ಬಂದು ಕೂತವು. ಬೇಳೆ, ಮಸಾಲೆ ಪುಡಿಯ ಜತೆಗೆ ವಾರಕ್ಕೆ ಮೂರು ಸಿನಿಮಾ ಮನೆಗೆ ಬರತೊಡಗಿದವು. ಈ ಪ್ರೇಕ್ಷಕರು ಹಂಬಲಿಸಿದ್ದು ಬಿಟ್ಟುಬಂದ ಊರನ್ನು. ಬಂದು ಸೇರಿದ ಊರಿನಲ್ಲಿ ತಾವು ಬದುಕುತ್ತಿದ್ದ ಬದುಕನ್ನು ತೆರೆಯ ಮೇಲೆ ನೋಡಬಹುದೆಂಬ ಯೋಚನೆ ಬಹುಕಾಲ ಅವರಿಗೆ ಬರಲಿಲ್ಲ.

ಪಶ್ಚಿಮದ ಸಿನಿಮಾದಲ್ಲಿ ಹೆಸರು ಮಾಡಿದ ಮೊದಲ ಭಾರತೀಯ ಮೈಸೂರು ಸೀಮೆಯವನು. ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಸಾಬು ಮಾವುತನ ಮಗ. ಮೈಸೂರು ಮಹಾರಾಜರ ಆನೆಲಾಯದಲ್ಲಿದ್ದ ಹುಡುಗನನ್ನು ಸಾಕ್ಷ್ಯಚಿತ್ರಕಾರ ರಾಬರ್ಟ್ ಫ್ಲಾಹರ್ಟಿ ಆರಿಸಿಕೊಂಡರು. 1937ರಲ್ಲಿ ಬಂದ ‘ಎಲಿಫಂಟ್ ಬಾಯ್’ ಅವನನ್ನು ಲಂಡನ್ನಿಗೂ ಅಲ್ಲಿಂದ ಹಾಲಿವುಡ್ಡಿಗೂ ಒಯ್ದಿತು. 1944ರಲ್ಲಿ ಅಮೆರಿಕದ ಪೌರನಾದ ಸಾಬು 1963ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡ. ಅವನಿಗೆ ದೊರೆತದ್ದು ಕಾಡು, ಆನೆ, ಮಾಯಾದೀಪಗಳ ಪಾತ್ರಗಳು. ಕ್ಯಾಲಿಫೋರ್ನಿಯಾದಲ್ಲಿ ಸಂಸಾರ ಹೂಡಿದ್ದ ಒಬ್ಬ ಭಾರತೀಯನ ಪಾತ್ರವನ್ನು ಅವನಿಗಾಗಿ ಯಾರೂ ಬರೆಯಲಿಲ್ಲ. ಮುಂದಿನ ತಲೆಮಾರು ತುಂಬಬೇಕಾಗಿದ್ದ ಖಾಲಿ ಜಾಗ ಅದೇ.

ಆ ಕೆಲಸಕ್ಕೆ ಬೇಕಾದ ವ್ಯಾಪಾರದ ಜಾಣ್ಮೆಯನ್ನು ಮೊದಲು ತೋರಿಸಿದವರು ಇಸ್ಮಾಯಿಲ್ ಮರ್ಚೆಂಟ್. ಮುಂಬಯಿಯಲ್ಲಿ 1936ರಲ್ಲಿ ಹುಟ್ಟಿ ನ್ಯೂಯಾರ್ಕಿಗೆ ಓದಲು ಹೋದ ಮರ್ಚೆಂಟ್, ಅಮೆರಿಕದ ನಿರ್ದೇಶಕ ಜೇಮ್ಸ್ ಐವರಿ ಜತೆಗೂಡಿ 1961ರಲ್ಲಿ ಕಂಪನಿ ಕಟ್ಟಿದರು. ದಿಲ್ಲಿಯಲ್ಲಿ ನೆಲೆಸಿದ್ದ ರೂತ್ ಪ್ರವರ್ ಝಾಬ್‌ವಾಲಾ ಅವರ ಕಾದಂಬರಿಯನ್ನು ಆಧರಿಸಿದ ‘ದಿ ಹೌಸ್‌ಹೋಲ್ಡರ್’ 1963ರಲ್ಲಿ ಬಂತು. ಚಿತ್ರದ ಸಂಕಲನವನ್ನು ಸತ್ಯಜಿತ್ ರಾಯ್ ಮತ್ತೆ ಕೂತು ತಿದ್ದಿಕೊಟ್ಟರು. ಅದು ಮಾರಾಟವಾದ ಬಗೆ ಇನ್ನೂ ಸ್ವಾರಸ್ಯದ್ದು. ಆಗ ಹಾಲಿವುಡ್ ಕಂಪನಿಗಳು ಭಾರತದಲ್ಲಿ ಗಳಿಸಿದ ಹಣದ ದೊಡ್ಡ ಭಾಗವನ್ನು ದೇಶದಿಂದ ಹೊರಗೆ ಒಯ್ಯುವಂತಿರಲಿಲ್ಲ. ರೂಪಾಯಿಗಳು ಇಲ್ಲಿನ ಬ್ಯಾಂಕುಗಳಲ್ಲೇ ಕೊಳೆಯುತ್ತಿದ್ದವು. ಆ ಹಣದಿಂದಲೇ ತಮ್ಮ ಚಿತ್ರದ ಹಕ್ಕು ಕೊಳ್ಳುವಂತೆ ಮರ್ಚೆಂಟ್ ಕೊಲಂಬಿಯಾ ಕಂಪನಿಯನ್ನು ಒಪ್ಪಿಸಿದರು. ಬಂದ ರೂಪಾಯಿಗಳು ಮುಂದಿನ ಚಿತ್ರಕ್ಕೆ ಬಂಡವಾಳವಾದವು. ಅದೇ 1965ರ ‘ಶೇಕ್ಸ್‌ಪಿಯರ್ ವಾಲಾ’. ಸ್ವಾತಂತ್ರ್ಯಾನಂತರದ ಭಾರತದಲ್ಲಿ ಊರೂರು ತಿರುಗಿ ಶೇಕ್ಸ್‌ಪಿಯರ್ ಆಡುವ ಇಂಗ್ಲಿಷ್ ನಾಟಕ ಮಂಡಳಿಯೊಂದರ ಕಥೆ ಅದು. ಸುಬ್ರತ ಮಿತ್ರರ ಛಾಯಾಗ್ರಹಣ, ರಾಯ್ ಅವರ ಸಂಗೀತ. ಅಭಿನಯಕ್ಕಾಗಿ ಮಧುರ್ ಜಾಫ್ರಿ ಬರ್ಲಿನ್ ಉತ್ಸವದ ಅತ್ಯುತ್ತಮ ನಟಿ ಪ್ರಶಸ್ತಿ ಪಡೆದರು. ಎರಡು ದೇಶಗಳ ನಿಯಮಗಳ ಸಂದಿಯಲ್ಲಿ ಸಿಕ್ಕಿಬಿದ್ದ ಹಣದಿಂದ ಎರಡು ದೇಶಗಳ ನಡುವೆ ಸಿಕ್ಕಿಬಿದ್ದವರ ಸಿನಿಮಾ ಹುಟ್ಟಿತು.

ಮರ್ಚೆಂಟ್ ಅವರಿಗೆ ಸಿನಿಮಾ ವೃತ್ತಿ. ಅದೇ 1965ರಲ್ಲಿ ಇಂಗ್ಲೆಂಡಿಗೆ ಹೋದ ಯಶ್‌ಪಾಲ್ ಸೂರಿ ಎಂಬ ವೈದ್ಯರಿಗೆ ಅದು ಮನೆಗೆ ಬರೆವ ಪತ್ರ. ಆಗ ದೂರವಾಣಿ ಕರೆ ದುಬಾರಿ, ಕಾಗದ ತಲುಪಲು ವಾರಗಳು. ಸೂರಿ ಎರಡು ಸೂಪರ್ 8 ಕ್ಯಾಮೆರಾ, ಎರಡು ಪ್ರೊಜೆಕ್ಟರ್, ಎರಡು ಧ್ವನಿಮುದ್ರಣ ಯಂತ್ರ ಕೊಂಡರು. ಒಂದು ಜೋಡಿ ತಮಗೆ, ಇನ್ನೊಂದು ಜೋಡಿ ಭಾರತದ ಮನೆಗೆ. ಹಿಮ ಬಿದ್ದ ಬೀದಿ, ಹೊಸ ಕಾರು, ಮಕ್ಕಳ ಹುಟ್ಟುಹಬ್ಬ ಅತ್ತ ಹೋದವು. ಮದುವೆ, ಮುಪ್ಪು, ಯಾವಾಗ ಬರುತ್ತೀ ಎಂಬ ಮಾತು ಟೇಪಿನಲ್ಲಿ ಇತ್ತ ಬಂದವು. ಈ ವಿನಿಮಯ ದಶಕಗಳ ಕಾಲ ನಡೆಯಿತು. ನಡುವೆ ಕುಟುಂಬ ಭಾರತಕ್ಕೆ ಮರಳಿ ಮೀರತ್‌ನಲ್ಲಿ ನೆಲೆ ನಿಲ್ಲಲು ಯತ್ನಿಸಿತು, ಆಗದೆ ಮತ್ತೆ ಇಂಗ್ಲೆಂಡಿಗೆ ಹೋಯಿತು. ಆ ರೀಲು, ಟೇಪುಗಳನ್ನೆಲ್ಲ ಜೋಡಿಸಿ ಮಗಳು ಸಂಧ್ಯಾ ಸೂರಿ 2005ರಲ್ಲಿ ‘ಐ ಫಾರ್ ಇಂಡಿಯಾ’ ಎಂಬ ಸಾಕ್ಷ್ಯಚಿತ್ರ ಮಾಡಿದರು. ವಲಸೆಯ ಬಗ್ಗೆ ಬಂದ ಸಿನಿಮಾಗಳ ಸಾಲಿನಲ್ಲಿ ಇದಕ್ಕಿಂತ ಮನಮುಟ್ಟುವ ಕೃತಿ ಹುಡುಕುವುದು ಕಷ್ಟ. ಅದರಲ್ಲಿ ಯಾರೂ ನಟಿಸುತ್ತಿಲ್ಲ. ಮಗನ ದಾರಿ ಕಾಯುವ ಹಿರಿಯರ ದನಿ ಒಂದೊಂದು ಟೇಪಿಗೂ ಒಂದಿಷ್ಟು ಸವೆಯುತ್ತ ಹೋಗುವುದು ಕೇಳಿಸುತ್ತದೆ. ಹೊರನಾಡ ಭಾರತೀಯರ ಸ್ವತಂತ್ರ ಸಿನಿಮಾದ ಮೊದಲ ಚಿತ್ರಮಂದಿರ ಮನೆಯ ಬಿಳಿ ಗೋಡೆಯೇ ಆಗಿತ್ತು.

ಬ್ರಿಟನ್ನಿನಲ್ಲಿ ವಲಸಿಗರ ಬದುಕು ಕಥಾಚಿತ್ರವಾಗಿ ಬಂದದ್ದು 1974ರ ‘ಎ ಪ್ರೈವೇಟ್ ಎಂಟರ್‌ಪ್ರೈಸ್’ನಲ್ಲಿ. ಬರ್ಮಿಂಗ್‌ಹ್ಯಾಮಿನಲ್ಲಿ ಸ್ವಂತ ಉದ್ಯಮ ಹೂಡಲು ಹೆಣಗುವ ಭಾರತೀಯ ಯುವಕನ ಕಥೆ. ಪೀಟರ್ ಸ್ಮಿತ್ ನಿರ್ದೇಶನ, ಚಿತ್ರಕಥೆಯಲ್ಲಿ ದಿಲೀಪ್ ಹಿರೊ ಪಾಲುದಾರರು. ಬ್ರಿಟಿಷ್ ಏಷ್ಯನ್ನರ ಸಿನಿಮಾದ ಚರಿತ್ರೆಯನ್ನು ಸಾಮಾನ್ಯವಾಗಿ ಇಲ್ಲಿಂದ ಎಣಿಸುತ್ತಾರೆ. ಆದರೆ ನೆಲ ಹದವಾದದ್ದು 1982ರಲ್ಲಿ ಚಾನೆಲ್ 4 ಎಂಬ ಟೆಲಿವಿಷನ್ ವಾಹಿನಿ ಆರಂಭವಾದ ಮೇಲೆ. ಬೇರೆ ವಾಹಿನಿಗಳು ಕೇಳಿಸಿಕೊಳ್ಳದವರ ದನಿಗೆ ಜಾಗ ಕೊಡುವುದು ಅದರ ಹೊಣೆಯೆಂದು ಕಾನೂನೇ ಹೇಳಿತ್ತು. ಲಂಡನ್ನಿನ ‘ರಿಟೇಕ್’ ಎಂಬ ಏಷ್ಯನ್ನರ ಚಿತ್ರಕೂಟ 1984ರಲ್ಲಿ ‘ಮಝ್‌ಧಾರ್’ ಮಾಡಿತು. ಲಂಡನ್ನಿಗೆ ಬಂದು ಗಂಡನಿಂದ ತೊರೆಯಲ್ಪಟ್ಟ ಪಾಕಿಸ್ತಾನಿ ಹೆಣ್ಣುಮಗಳು ತನ್ನ ಕಾಲ ಮೇಲೆ ನಿಲ್ಲುವ ಕಥೆಯದು. ಮರುವರ್ಷ ಬಂದದ್ದು ಹನೀಫ್ ಕುರೇಶಿ ಬರೆದು ಸ್ಟೀಫನ್ ಫ್ರಿಯರ್ಸ್ ನಿರ್ದೇಶಿಸಿದ ‘ಮೈ ಬ್ಯೂಟಿಫುಲ್ ಲಾಂಡ್ರೆಟ್’. ಟೆಲಿವಿಷನ್ನಿಗೆಂದು 16 ಎಂ.ಎಂ.ನಲ್ಲಿ ತೆಗೆದ ಈ ಅಗ್ಗದ ಚಿತ್ರ ಎಡಿನ್‌ಬರೊ ಉತ್ಸವದಲ್ಲಿ ಮೆಚ್ಚುಗೆ ಗಳಿಸಿ ಚಿತ್ರಮಂದಿರಗಳಿಗೆ ಹೋಯಿತು. ಚಿತ್ರಕಥೆ ಆಸ್ಕರ್ ನಾಮನಿರ್ದೇಶನ ಪಡೆಯಿತು. ತಮ್ಮವರ ಮಾನ ಕಳೆಯಿತೆಂದು ನ್ಯೂಯಾರ್ಕಿನಲ್ಲಿ ಪಾಕಿಸ್ತಾನಿ ವಲಸಿಗರು ಅದರ ಎದುರು ಪ್ರತಿಭಟಿಸಿದ್ದೂ ಉಂಟು. ಈ ಪರಂಪರೆಯ ಬಹುತೇಕ ಚಿತ್ರಗಳು ಮುಂದೆ ಎದುರಿಸಿದ್ದು ಇದೇ ಇಕ್ಕಟ್ಟು: ಹೊರಗಿನವರು ಮೆಚ್ಚಿದರೆ ಒಳಗಿನವರು ಮುನಿಯುತ್ತಿದ್ದರು.

ನೈರೋಬಿಯಲ್ಲಿ ಹುಟ್ಟಿ ಸೌತ್‌ಹಾಲ್‌ನಲ್ಲಿ ಬೆಳೆದ ಗುರಿಂದರ್ ಚಡ್ಡಾ ಈ ಇಕ್ಕಟ್ಟನ್ನು ನಗುವಿನಿಂದ ದಾಟಿದರು. 1993ರ ‘ಭಾಜಿ ಆನ್ ದಿ ಬೀಚ್’ನಲ್ಲಿ ಮೂರು ತಲೆಮಾರಿನ ಹೆಂಗಸರು ಬರ್ಮಿಂಗ್‌ಹ್ಯಾಮಿನಿಂದ ಬ್ಲ್ಯಾಕ್‌ಪೂಲ್ ಕಡಲತೀರಕ್ಕೆ ಒಂದು ದಿನದ ಪ್ರವಾಸ ಹೋಗುತ್ತಾರೆ. ಬಸ್ಸಿನಲ್ಲಿ ಹೊಡೆಯುವ ಗಂಡನನ್ನು ಬಿಟ್ಟುಬಂದವಳಿದ್ದಾಳೆ, ಕರಿಯ ಹುಡುಗನಿಂದ ಬಸಿರಾದ ವಿದ್ಯಾರ್ಥಿನಿ ಇದ್ದಾಳೆ, ಅವರನ್ನು ತೂಗಿ ನೋಡುವ ಹಿರಿಯರಿದ್ದಾರೆ. ಬರೆದವರು ಮೀರಾ ಸ್ಯಾಲ್, ಹಣ ಚಾನೆಲ್ 4ರದು. ಬ್ರಿಟಿಷ್ ಏಷ್ಯನ್ ಮಹಿಳೆಯೊಬ್ಬರು ನಿರ್ದೇಶಿಸಿದ ಮೊದಲ ಪೂರ್ಣಪ್ರಮಾಣದ ಚಿತ್ರ ಇದು. 2002ರ ‘ಬೆಂಡ್ ಇಟ್ ಲೈಕ್ ಬೆಕಮ್’ನ ದೊಡ್ಡ ಗೆಲುವಿಗೆ ಹಾದಿ ಮಾಡಿಕೊಟ್ಟದ್ದು ಈ ಸಣ್ಣ ಬಸ್ಸು.

ಅಮೆರಿಕದಲ್ಲಿ ಸರ್ಕಾರಿ ಹೊಣೆಯ ವಾಹಿನಿಯ ಆಸರೆ ಹೀಗೆ ಸಿಗಲಿಲ್ಲ. ಒಡಿಶಾದ ರೂರ್ಕೆಲಾದಲ್ಲಿ ಹುಟ್ಟಿ ಹಾರ್ವರ್ಡಿನಲ್ಲಿ ಓದಿದ ಮೀರಾ ನಾಯರ್ ಸಾಕ್ಷ್ಯಚಿತ್ರಗಳಿಂದ ಆರಂಭಿಸಿದರು. 1982ರ ‘ಸೋ ಫಾರ್ ಫ್ರಮ್ ಇಂಡಿಯಾ’ ನ್ಯೂಯಾರ್ಕಿನ ಸಬ್‌ವೇಯಲ್ಲಿ ಪತ್ರಿಕೆ ಮಾರುವ ಭಾರತೀಯನೊಬ್ಬನನ್ನೂ ಅತ್ತ ಗುಜರಾತಿನಲ್ಲಿ ಅವನಿಗಾಗಿ ಕಾಯುವ ಹೆಂಡತಿಯನ್ನೂ ಕಟ್ಟಿಕೊಡುತ್ತದೆ. ಹಾರ್ವರ್ಡಿನ ಗೆಳತಿ ಸೂನಿ ತಾರಾಪೊರೆವಾಲಾ ಬರೆದ ‘ಸಲಾಂ ಬಾಂಬೆ!’ 1988ರಲ್ಲಿ ಕಾನ್ ಉತ್ಸವದಲ್ಲಿ ಮೊದಲ ಚಿತ್ರಕ್ಕೆ ಕೊಡುವ ಕ್ಯಾಮೆರಾ ಡಿ’ಓರ್ ಪಡೆಯಿತು. ‘ಮದರ್ ಇಂಡಿಯಾ’ದ ನಂತರ ಆಸ್ಕರ್ ನಾಮನಿರ್ದೇಶನ ಪಡೆದ ಎರಡನೆಯ ಭಾರತೀಯ ಕಥಾಚಿತ್ರ ಅದು. ಹೊರನಾಡಿನ ಕಥೆಗೆ ಬಂದರೆ 1991ರ ‘ಮಿಸ್ಸಿಸ್ಸಿಪ್ಪಿ ಮಸಾಲಾ’ ಮಹತ್ವದ್ದು. 1972ರಲ್ಲಿ ಇದಿ ಅಮೀನ್ ಉಗಾಂಡಾದ ಏಷ್ಯನ್ನರಿಗೆ ದೇಶ ಬಿಡಲು 90 ದಿನಗಳ ಗಡುವು ಕೊಟ್ಟ. ಹಾಗೆ ಕಂಪಾಲಾದಿಂದ ಹೊರಬಿದ್ದ ಗುಜರಾತಿ ಕುಟುಂಬವೊಂದು ಅಮೆರಿಕದ ದಕ್ಷಿಣದಲ್ಲಿ ಮೋಟೆಲಿನ ಆಸರೆ ಹಿಡಿಯುತ್ತದೆ. ಮಗಳು ಕರಿಯ ಯುವಕನನ್ನು ಪ್ರೀತಿಸುತ್ತಾಳೆ. ಬಣ್ಣದ ಕಾರಣಕ್ಕೆ ಆಫ್ರಿಕಾದಿಂದ ಅಟ್ಟಿಸಿಕೊಂಡವರು ಅಮೆರಿಕದಲ್ಲಿ ಅದೇ ಬಣ್ಣದ ಅಳತೆಗೋಲನ್ನು ಕೈಗೆ ತೆಗೆದುಕೊಳ್ಳುವುದನ್ನು ಚಿತ್ರ ನೇರವಾಗಿ ತೋರಿಸಿತು. ಭಾರತವನ್ನೇ ನೋಡದ ಭಾರತೀಯಳನ್ನು ನಾಯಕಿಯಾಗಿ ನಿಲ್ಲಿಸಿದ್ದು ಅದರ ಇನ್ನೊಂದು ಧೈರ್ಯ.

ಅದೇ 1991ರಲ್ಲಿ ಕೆನಡಾದಿಂದ ಎರಡು ಚಿತ್ರಗಳು ಬಂದವು. ಶ್ರೀನಿವಾಸ ಕೃಷ್ಣ ನಿರ್ದೇಶಿಸಿ ನಟಿಸಿದ ‘ಮಸಾಲಾ’ದ ಹಿಂದೆ 1985ರ ಜೂನ್ 23ರಂದು ಏರ್ ಇಂಡಿಯಾ ವಿಮಾನ ಸ್ಫೋಟದಲ್ಲಿ 329 ಜನ ಸತ್ತ ದುರಂತದ ನೆರಳಿದೆ. ಸತ್ತವರಲ್ಲಿ ಹೆಚ್ಚಿನವರು ಕೆನಡಾದವರೇ ಆಗಿದ್ದರೂ ಆ ದೇಶ ಅದನ್ನು ತನ್ನ ದುಃಖವೆಂದು ಎಣಿಸಲು ಬಹಳ ತಡಮಾಡಿತು. ಚಿತ್ರದಲ್ಲಿ ವಿಮಾನ ದುರಂತದಲ್ಲಿ ಮನೆಯವರನ್ನು ಕಳೆದುಕೊಂಡ ಯುವಕನಿದ್ದಾನೆ, ಟಿ.ವಿ. ಪರದೆಯಲ್ಲಿ ಮೂಡುವ ಶ್ರೀಕೃಷ್ಣನ ಜತೆ ಮಾತಾಡುವ ಅಜ್ಜಿಯೂ ಇದ್ದಾಳೆ. ಅಜ್ಜಿಯಾಗಿ ಜೊಹ್ರಾ ಸೆಹಗಲ್, ಕೃಷ್ಣನೂ ಸೇರಿದಂತೆ ಮೂರು ಪಾತ್ರಗಳಲ್ಲಿ ಸಯೀದ್ ಜಾಫ್ರಿ. ಇನ್ನೊಂದು ಚಿತ್ರ, ಅಮೃತಸರದಲ್ಲಿ ಹುಟ್ಟಿ 1973ರಲ್ಲಿ ಕೆನಡಾ ಸೇರಿದ ದೀಪಾ ಮೆಹ್ತಾ ಅವರ ‘ಸ್ಯಾಮ್ ಅಂಡ್ ಮಿ’. ಟೊರಾಂಟೊದ ಮುದಿ ಯಹೂದಿಯೊಬ್ಬರನ್ನು ನೋಡಿಕೊಳ್ಳುವ ಭಾರತೀಯ ತರುಣನ ಕಥೆ.

ಮೆಹ್ತಾ ಮುಂದೆ ಭಾರತದತ್ತಲೇ ಕ್ಯಾಮೆರಾ ತಿರುಗಿಸಿದರು. ಇಬ್ಬರು ಹೆಂಗಸರ ಪ್ರೀತಿಯ ಕಥೆಯಾದ ‘ಫೈರ್’ ಸೆನ್ಸಾರ್ ಮಂಡಳಿಯಿಂದ ಕತ್ತರಿಯಿಲ್ಲದೆ ಹೊರಬಂದರೂ 1998ರ ಡಿಸೆಂಬರಿನಲ್ಲಿ ಮುಂಬಯಿ, ದಿಲ್ಲಿಗಳಲ್ಲಿ ಅದನ್ನು ತೋರಿಸುತ್ತಿದ್ದ ಚಿತ್ರಮಂದಿರಗಳ ಮೇಲೆ ದಾಳಿ ನಡೆಯಿತು. 2000ದಲ್ಲಿ ವಾರಾಣಸಿಯಲ್ಲಿ ‘ವಾಟರ್’ ಚಿತ್ರೀಕರಣ ಆರಂಭವಾದಾಗ ಗುಂಪುಗಳು ಸೆಟ್ಟನ್ನು ಧ್ವಂಸಮಾಡಿದವು, ಕೆಲಸ ನಿಂತಿತು. ವರ್ಷಗಳ ನಂತರ ಶ್ರೀಲಂಕಾದಲ್ಲಿ, ಬೇರೊಂದು ಹೆಸರಿನ ಮರೆಯಲ್ಲಿ ಅದನ್ನು ತೆಗೆದು ಮುಗಿಸಬೇಕಾಯಿತು. 2005ರ ಟೊರಾಂಟೊ ಉತ್ಸವ ಆ ಚಿತ್ರದಿಂದಲೇ ಆರಂಭವಾಯಿತು. ಕಾಶಿಯ ವಿಧವೆಯರ ಬಗ್ಗೆ ಹಿಂದಿಯಲ್ಲಿ ಮಾಡಿದ ಚಿತ್ರ ಆಸ್ಕರ್ ಪಟ್ಟಿಗೆ ಹೋದದ್ದು ಕೆನಡಾದ ಹೆಸರಿನಲ್ಲಿ.

ಪ್ರಶಸ್ತಿ ಪಡೆದ ಚಿತ್ರಗಳಿಗೆ ದೊಡ್ಡ ಉತ್ಸವಗಳ ಬಾಗಿಲು ತೆರೆದಿತ್ತು. ಸಾಕ್ಷ್ಯಚಿತ್ರಗಳು, ಕಿರುಚಿತ್ರಗಳು ಎಲ್ಲಿಗೆ ಹೋಗಬೇಕು? ಪ್ರತಿಭಾ ಪರ್ಮಾರ್ 1991ರಲ್ಲಿ ‘ಖುಶ್’ ಎಂಬ ಚಿತ್ರದಲ್ಲಿ ದಕ್ಷಿಣ ಏಷ್ಯಾದ ಸಲಿಂಗಪ್ರೇಮಿಗಳನ್ನು ಮಾತಾಡಿಸಿದ್ದರು. ವಿವೇಕ್ ಬಾಲ್ಡ್ 1994ರಲ್ಲಿ ನ್ಯೂಯಾರ್ಕಿನ ಟ್ಯಾಕ್ಸಿ ಚಾಲಕರ ಬಗ್ಗೆ ಚಿತ್ರ ಮಾಡಿದ್ದರು. ಜಯಶ್ರೀ ಮಜುಂದಾರ್ ಹಾರ್ಟ್ ಅವರ ‘ರೂಟ್ಸ್ ಇನ್ ದಿ ಸ್ಯಾಂಡ್’ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬೇಸಾಯಕ್ಕಿಳಿದು ಮೆಕ್ಸಿಕನ್ ಹೆಂಗಸರನ್ನು ಮದುವೆಯಾದ ಪಂಜಾಬಿಗಳ ಸಂಸಾರಗಳನ್ನು ಹುಡುಕಿಕೊಂಡು ಹೋಯಿತು. ಇವುಗಳಿಗೆ ಮೊದಲು ಆಸರೆಯಾದ ಕೂಟಗಳಲ್ಲಿ ಟೊರಾಂಟೊದ ‘ದೇಶ್ ಪರದೇಶ್’ ಮುಖ್ಯವಾದದ್ದು. 1988ರಲ್ಲಿ ಸಲಿಂಗಪ್ರೇಮಿಗಳ ಸಂಘವೊಂದರ ಕಾರ್ಯಕ್ರಮವಾಗಿ ಹುಟ್ಟಿದ ಅದು ಸಿನಿಮಾ, ನಾಟಕ, ಕವಿತೆ, ಚರ್ಚೆಗಳ ವಾರ್ಷಿಕ ಹಬ್ಬವಾಗಿ ಬೆಳೆದು 2001ರವರೆಗೆ ನಡೆಯಿತು. ದೇವಸ್ಥಾನದ ಸಭಾಂಗಣದಲ್ಲೋ ಸಂಘದ ದೀಪಾವಳಿ ಕಾರ್ಯಕ್ರಮದಲ್ಲೋ ಜಾಗ ಸಿಗದ ಕಥೆಗಳಿಗೆ ಅಲ್ಲಿ ಜಾಗವಿತ್ತು. ನಂತರ ಬಂದ ಚಿತ್ರೋತ್ಸವಗಳು ನಯವಾದವು, ಪ್ರಾಯೋಜಕರನ್ನು ಕಂಡವು. ಆದರೆ ದಾರಿ ಕಡಿದದ್ದು ಈ ಹಬ್ಬ.

1990ರ ದಶಕದ ಕೊನೆಗೆ ಇನ್ನೊಂದು ಬಗೆಯ ನಿರ್ದೇಶಕರು ಕಾಣಿಸಿಕೊಂಡರು. ಇವರು ಸಿನಿಮಾ ಶಾಲೆಯವರಾಗಿರಲೇಬೇಕೆಂದಿಲ್ಲ. ಸಂಬಳದ ಉಳಿತಾಯದಲ್ಲಿ ಸಿನಿಮಾ ಮಾಡಿದವರು. ಅಟ್ಲಾಂಟಾದಲ್ಲಿ ಎಂಜಿನಿಯರಾಗಿದ್ದ ನಾಗೇಶ್ ಕುಕುನೂರ್ ತಮ್ಮ ಗಳಿಕೆಯ 17 ಲಕ್ಷ ರೂಪಾಯಿ ಹಾಕಿ, ಊರಿಗೆ ಮರಳಿ, 17 ದಿನಗಳಲ್ಲಿ ‘ಹೈದರಾಬಾದ್ ಬ್ಲೂಸ್’ ಚಿತ್ರೀಕರಿಸಿದರು. ಹನ್ನೆರಡು ವರ್ಷ ಅಮೆರಿಕದಲ್ಲಿದ್ದು ರಜೆಗೆ ಬಂದವನಿಗೆ ತನ್ನ ಊರೇ ಪರಸ್ಥಳವಾಗುವ ಕಥೆ 1998ರಲ್ಲಿ ಬಿಡುಗಡೆಯಾಗಿ ಭಾರತದ ನಗರಗಳಲ್ಲಿ ತಿಂಗಳುಗಟ್ಟಲೆ ಓಡಿತು. ಅಮೆರಿಕದಲ್ಲೇ ಬೆಳೆದ ತಲೆಮಾರು ತನ್ನ ಕಥೆಯನ್ನು ತಾನೇ ಹೇಳತೊಡಗಿತು: 1999ರಲ್ಲಿ ನಿಶಾ ಗಣಾತ್ರಾ ಅವರ ‘ಚಟ್ನಿ ಪಾಪ್‌ಕಾರ್ನ್’, ಕೃತಿನ್ ಪಟೇಲ್ ಅವರ ‘ಎಬಿಸಿಡಿ’, 2001ರಲ್ಲಿ ಪಿಯೂಷ್ ದಿನಕರ್ ಪಂಡ್ಯಾ ಅವರ ‘ಅಮೆರಿಕನ್ ದೇಸಿ’. ತನ್ನ ಭಾರತೀಯತನವನ್ನು ಮರೆಮಾಚಲು ಕಾಲೇಜು ಸೇರಿದ ಹುಡುಗನಿಗೆ ವಿದ್ಯಾರ್ಥಿನಿಲಯದಲ್ಲಿ ಭಾರತೀಯ ಮೂಲದ ಕೊಠಡಿ ಗೆಳೆಯರೇ ಗಂಟುಬೀಳುವ ‘ಅಮೆರಿಕನ್ ದೇಸಿ’ ನ್ಯೂಜೆರ್ಸಿಯ ವಿದ್ಯಾರ್ಥಿಗಳ ಬಾಯಿಂದ ಬಾಯಿಗೆ ಹಬ್ಬಿತು. ಎಂಜಿನಿಯರುಗಳಾಗಿದ್ದ ರಾಜ್ ನಿಡಿಮೋರು, ಕೃಷ್ಣ ಡಿ.ಕೆ. ಜೋಡಿ ಅಮೆರಿಕದಲ್ಲಿದ್ದಾಗಲೇ ‘ಫ್ಲೇವರ್ಸ್’ ಮಾಡಿತು. ‘ದಿ ಫ್ಯಾಮಿಲಿ ಮ್ಯಾನ್’ ಸರಣಿಯ ಕರ್ತೃಗಳು ಮುಂದೆ ಇವರೇ. ಈ ಚಿತ್ರಗಳೆಲ್ಲ ಒಂದೇ ಮಟ್ಟದವಲ್ಲ. ಕೆಲವು ಒರಟು, ಕೆಲವುಗಳ ನಟನೆ ಕಾಲೇಜು ನಾಟಕದ್ದು. ಆದರೂ ತಂದೆತಾಯಿ ಭಾರತದಲ್ಲಿ ಬಿಟ್ಟುಬಂದದ್ದಕ್ಕೆ ಮಕ್ಕಳು ಅಮೆರಿಕದಲ್ಲಿ ಉತ್ತರ ಹೇಳಬೇಕಾದ ಬದುಕಿಗೆ ಇವುಗಳಷ್ಟು ಹತ್ತಿರದ ದಾಖಲೆ ಇನ್ನೊಂದಿಲ್ಲ.

ನ್ಯೂಯಾರ್ಕಿನ ಉತ್ಸವ ಹುಟ್ಟಿದ್ದು ಈ ಹೊತ್ತಿನಲ್ಲಿ. ಭಾರತೀಯ ಕಲೆಗಳನ್ನು ಅಮೆರಿಕದಲ್ಲಿ ಬೆಳೆಸಲು 1998ರಲ್ಲಿ ಇಂಡೊ-ಅಮೆರಿಕನ್ ಆರ್ಟ್ಸ್ ಕೌನ್ಸಿಲ್ ಸ್ಥಾಪನೆಯಾಗಿತ್ತು. ಅದನ್ನು ಬಹುಕಾಲ ಮುನ್ನಡೆಸಿದವರು ಅರೂನ್ ಶಿವದಾಸಾನಿ. 2001ರ ಸೆಪ್ಟೆಂಬರ್ 8ರಂದು ಮೀರಾ ನಾಯರ್ ಅವರ ‘ಮಾನ್ಸೂನ್ ವೆಡ್ಡಿಂಗ್’ ವೆನಿಸ್ಸಿನಲ್ಲಿ ಗೋಲ್ಡನ್ ಲಯನ್ ಗೆದ್ದಿತು. ಮೂರೇ ದಿನಕ್ಕೆ ನ್ಯೂಯಾರ್ಕಿನ ಅವಳಿ ಗೋಪುರಗಳು ಬಿದ್ದವು. ಸೆಪ್ಟೆಂಬರ್ 15ರಂದು ಅರಿಜೋನಾದ ಮೆಸಾದಲ್ಲಿ ಪೆಟ್ರೋಲ್ ಬಂಕ್ ನಡೆಸುತ್ತಿದ್ದ ಬಲಬೀರ್ ಸಿಂಗ್ ಸೋಧಿಯವರನ್ನು ಪೇಟ ಕಂಡು ಗುಂಡಿಟ್ಟು ಕೊಂದರು. ಕಂದು ಮೈಬಣ್ಣದವರು ಬೀದಿಗಿಳಿಯಲು ಅಂಜುತ್ತಿದ್ದ ಆ ವರ್ಷದ ಕೊನೆಯಲ್ಲಿ ಕೌನ್ಸಿಲ್ ಭಾರತೀಯ ವಲಸಿಗರ ಸಿನಿಮಾಗಳ ಮೊದಲ ಉತ್ಸವ ನಡೆಸಿತು. ತಾವು ಯಾರೆಂದು ನೆರೆಹೊರೆಗೆ ತೋರಿಸಿಕೊಡುವ ಅಗತ್ಯ ಅದಕ್ಕೆ ಹಿಂದೆಂದಿಗಿಂತ ಹೆಚ್ಚಿನ ಅರ್ಥ ತಂದಿತ್ತು. ಮುಂದಿನ ವರ್ಷಗಳ ಚಿತ್ರಗಳಲ್ಲೂ ಆ ಗಾಯ ಕಾಣುತ್ತದೆ. ಶರತ್ ರಾಜು ಅವರ ‘ಅಮೆರಿಕನ್ ಮೇಡ್’ ಎಂಬ ಕಿರುಚಿತ್ರದಲ್ಲಿ ಮರುಭೂಮಿಯಲ್ಲಿ ಕಾರು ಕೆಟ್ಟು ನಿಂತ ಸಿಖ್ ಕುಟುಂಬಕ್ಕೆ ನೆರವಾಗಲು ಯಾವ ವಾಹನವೂ ನಿಲ್ಲುವುದಿಲ್ಲ. ತಂದೆಯ ಪೇಟದ ಬಗ್ಗೆ ಮನೆಯವರಲ್ಲೇ ಮಾತು ಬೆಳೆಯುತ್ತದೆ. ಉತ್ಸವ ಕೆಲವು ವರ್ಷ ಮಹೀಂದ್ರಾ ಸಂಸ್ಥೆಯ ಪ್ರಾಯೋಜಕತ್ವದಲ್ಲಿ ಅದರ ಹೆಸರಿನೊಡನೆ ನಡೆದು, 2011ರಿಂದ ನ್ಯೂಯಾರ್ಕ್ ಇಂಡಿಯನ್ ಫಿಲ್ಮ್ ಫೆಸ್ಟಿವಲ್ ಎನಿಸಿಕೊಂಡಿತು.

ಲಂಡನ್ನಿನಲ್ಲಿ ಏಷ್ಯನ್ ಮಹಿಳೆಯರ ಚಿತ್ರಗಳಿಗೆಂದು ‘ಟಂಗ್ಸ್ ಆನ್ ಫೈರ್’ 1998ರಲ್ಲೇ ಆರಂಭವಾಗಿತ್ತು. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ‘ಥರ್ಡ್ ಐ’, ಲಾಸ್ ಏಂಜಲೀಸಿನಲ್ಲಿ ಕ್ರಿಸ್ಟೀನಾ ಮರೌಡಾ ಸ್ಥಾಪಿಸಿದ ಉತ್ಸವ 2003ರಲ್ಲಿ ಬಂದವು. ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ 2004ರಿಂದ, ಲಂಡನ್ ಇಂಡಿಯನ್ ಫಿಲ್ಮ್ ಫೆಸ್ಟಿವಲ್ 2010ರಿಂದ. ಇವುಗಳ ಒಳಗಿನ ದುಡಿಮೆ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಚಿತ್ರಗಳನ್ನು ಆರಿಸುವವರು ಬೆರಳೆಣಿಕೆಯ ಜನ. ಟಿಕೆಟ್ ಹರಿಯುವವರು, ಅತಿಥಿಗಳನ್ನು ವಿಮಾನ ನಿಲ್ದಾಣದಿಂದ ಕರೆತರುವವರು ಸ್ವಯಂಸೇವಕರು. ಆರಂಭದ ವರ್ಷಗಳಲ್ಲಿ ಎರಡು ಗಂಟೆಯ 35 ಎಂ.ಎಂ. ಚಿತ್ರವೆಂದರೆ ಆರು ಡಬ್ಬಿ ರೀಲು. ಅದನ್ನು ವಿಮಾನದಲ್ಲಿ ತರಿಸಿ, ಸುಂಕದ ಕಟ್ಟೆ ದಾಟಿಸಿ, ಆಟ ಮುಗಿದ ಕೂಡಲೇ ಮುಂದಿನ ಊರಿಗೆ ಸಾಗಿಸಬೇಕಿತ್ತು. 16 ಎಂ.ಎಂ.ನಲ್ಲಿ ತೆಗೆದದ್ದನ್ನು 35ಕ್ಕೆ ಹಿಗ್ಗಿಸುವ ಖರ್ಚು ಎಷ್ಟೋ ಚಿತ್ರಗಳ ಚಿತ್ರೀಕರಣದ ಖರ್ಚಿಗೆ ಸಮನಾಗುತ್ತಿತ್ತು. ಡಿಜಿಟಲ್ ಟೇಪು, ಆಮೇಲೆ ಹಾರ್ಡ್ ಡಿಸ್ಕು ಬಂದ ಮೇಲೆ ಬಡ ನಿರ್ದೇಶಕನಿಗೂ ಉತ್ಸವದ ಬಾಗಿಲು ತಟ್ಟುವುದು ಸಾಧ್ಯವಾಯಿತು. ಆಟದ ನಂತರದ ಸಂವಾದ ಈ ಉತ್ಸವಗಳ ಜೀವಾಳ. ನಮ್ಮವರ ಇಂಥ ಮುಖವನ್ನು ಪರದೇಶದಲ್ಲಿ ಯಾಕೆ ತೋರಿಸುತ್ತೀರಿ ಎಂದು ಹಿರಿಯರು ಎದ್ದು ಕೇಳುವುದು, ಇದು ನನ್ನ ಮನೆಯ ಕಥೆಯೇ ಎಂದು ಕಿರಿಯರು ಹೇಳುವುದು ಒಂದೇ ಸಭಾಂಗಣದಲ್ಲಿ ನಡೆಯುತ್ತಿತ್ತು. ಕ್ಯಾಸೆಟ್ ಕಾಲದ ಪ್ರೇಕ್ಷಕರು ತಮ್ಮದೇ ಬದುಕಿನ ಪ್ರೇಕ್ಷಕರಾದದ್ದು ಇಂಥ ಸಂಜೆಗಳಲ್ಲಿ.

ಹೊರನಾಡಿನ ಮರೆತ ಚರಿತ್ರೆಯೂ ಹೀಗೆ ಬೆಳಕಿಗೆ ಬಂತು. 1914ರಲ್ಲಿ 376 ಪ್ರಯಾಣಿಕರನ್ನು ಹೊತ್ತು ವ್ಯಾಂಕೂವರ್ ತಲುಪಿದ ‘ಕೊಮಗಾಟ ಮಾರು’ ಹಡಗನ್ನು ಕೆನಡಾ ಎರಡು ತಿಂಗಳು ಬಂದರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಅಟ್ಟಿತ್ತು. ದಿಲ್ಲಿಯಿಂದ ಟೊರಾಂಟೊಗೆ ಹೋಗಿ ನೆಲೆಸಿದ ಅಲಿ ಕಾಜಿಮಿ ವರ್ಷಗಟ್ಟಲೆ ದಾಖಲೆಗಳನ್ನು ಜಾಲಾಡಿ 2004ರಲ್ಲಿ ‘ಕಂಟಿನ್ಯೂಅಸ್ ಜರ್ನಿ’ ಮಾಡಿದರು. ತಾಯ್ನಾಡಿನಿಂದ ಎಲ್ಲೂ ನಿಲ್ಲದೆ ನೇರವಾಗಿ ಬಂದವರಿಗೆ ಮಾತ್ರ ಪ್ರವೇಶ ಎಂಬ ಕೆನಡಾದ ಅಂದಿನ ನಿಯಮವೇ ಚಿತ್ರದ ಹೆಸರು. ಭಾರತದಿಂದ ಹಾಗೆ ಬರುವ ಹಡಗುಗಳೇ ಇಲ್ಲದಂತೆ ನೋಡಿಕೊಳ್ಳಲಾಗಿತ್ತು. ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಆ ಘಟನೆಗೆ ಕ್ಷಮೆ ಕೇಳಿದ್ದು 2016ರಲ್ಲಿ.

2010ರ ಸುಮಾರಿಗೆ ಈ ಉತ್ಸವಗಳ ಸ್ವರೂಪವೇ ಬದಲಾಯಿತು. ಹೊರನಾಡಿನವರ ಚಿತ್ರಗಳ ಪಕ್ಕದಲ್ಲಿ ಭಾರತದ ಸ್ವತಂತ್ರ ಚಿತ್ರಗಳು, ಅದರಲ್ಲೂ ಮರಾಠಿ, ಬಂಗಾಳಿ, ಮಲಯಾಳ, ಕನ್ನಡದ ಸಣ್ಣ ಚಿತ್ರಗಳು ಬಂದು ಕೂತವು. ಇದಕ್ಕೆ ಸರಳ ಕಾರಣವಿದೆ. ತಾರೆಗಳಿಲ್ಲದ ಕನ್ನಡ ಚಿತ್ರಕ್ಕೆ ಬೆಂಗಳೂರಿನಲ್ಲಿ ಪರದೆ ಸಿಗುವುದು ‘ಅಮೆರಿಕನ್ ದೇಸಿ’ಗೆ ನ್ಯೂಜೆರ್ಸಿಯಲ್ಲಿ ಪರದೆ ಸಿಕ್ಕಷ್ಟೇ ಕಷ್ಟ. ಹೊರನಾಡಿನ ಬಗ್ಗೆ ಕನ್ನಡ ಸಿನಿಮಾ ಮೊದಲೇ ಮಾತಾಡಿತ್ತು. ನಾಗತಿಹಳ್ಳಿ ಚಂದ್ರಶೇಖರ್ ಅವರ ‘ಅಮೆರಿಕಾ! ಅಮೆರಿಕಾ!!’ 1990ರ ದಶಕದ ದೊಡ್ಡ ಗೆಲುವುಗಳಲ್ಲಿ ಒಂದು. ಆದರೆ ಅದು ಊರಿನಲ್ಲಿ ನಿಂತು ಹೋದವರನ್ನು ನೋಡಿದ ನೋಟ. ಅದಕ್ಕೆ ಚಿತ್ರಮಂದಿರಗಳ ಕೊರತೆ ಇರಲಿಲ್ಲ. ಪವನ್ ಕುಮಾರ್ ಅವರ ‘ಲೂಸಿಯಾ’ದ ಪಾಡು ಬೇರೆ. ನಿರ್ಮಾಪಕರು ಮುಂದೆ ಬಾರದಿದ್ದಾಗ ಪವನ್ ಅಂತರ್ಜಾಲದಲ್ಲಿ ಪ್ರೇಕ್ಷಕರನ್ನೇ ಹಣ ಕೇಳಿದರು. 27 ದಿನಗಳಲ್ಲಿ 51 ಲಕ್ಷ ರೂಪಾಯಿ ಸೇರಿತು. ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ಹುಡುಗನ ಕನಸಿನ ಈ ಕಥೆ ಮೊದಲು ತೆರೆ ಕಂಡದ್ದು 2013ರ ಜುಲೈನಲ್ಲಿ ಲಂಡನ್ ಇಂಡಿಯನ್ ಫಿಲ್ಮ್ ಫೆಸ್ಟಿವಲ್‌ನಲ್ಲಿ. ಪ್ರೇಕ್ಷಕರ ಮೆಚ್ಚಿನ ಚಿತ್ರವೆಂಬ ಪ್ರಶಸ್ತಿಯೊಂದಿಗೆ ಅದು ಊರಿಗೆ ಬಂತು. ಸೆಪ್ಟೆಂಬರಿನಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾಯಿತು. ಶಾಲಾ ಹುಡುಗಿಯೊಬ್ಬಳ ಮೊದಲ ಪ್ರೀತಿಯನ್ನು ಅವಳ ಕಣ್ಣಿನಿಂದಲೇ ಹೇಳಿದ ರೂಪಾ ರಾವ್ ಅವರ ‘ಗಂಟುಮೂಟೆ’ 2019ರಲ್ಲಿ ನ್ಯೂಯಾರ್ಕ್ ಉತ್ಸವದಲ್ಲಿ ಅತ್ಯುತ್ತಮ ಚಿತ್ರಕಥೆ ಪ್ರಶಸ್ತಿ ಪಡೆದ ನಂತರ ಕರ್ನಾಟಕದ ಚಿತ್ರಮಂದಿರಗಳಿಗೆ ಬಂತು. ವಲಸಿಗರು ತಮಗಾಗಿ ಕಟ್ಟಿಕೊಂಡ ಜಗಲಿಯಲ್ಲಿ ಹೀಗೆ ತವರಿನ ಅನಾಥ ಚಿತ್ರಗಳಿಗೂ ಚಾಪೆ ಹಾಸಲಾಯಿತು.

ಅದರಿಂದ ಒಂದು ನಷ್ಟವೂ ಆಯಿತು. ಭಾರತದಿಂದ ಒಳ್ಳೆಯ ಚಿತ್ರಗಳು ಹೆಚ್ಚು ಬಂದಂತೆ ಹೊರನಾಡಿನ ಮೊದಲ ಚಿತ್ರಗಳಿಗೆ, ಕೈ ಪಳಗದ ಪ್ರಯತ್ನಗಳಿಗೆ ಜಾಗ ಕಿರಿದಾಯಿತು. ಜತೆಗೆ ಮನೆಗೇ ಸಿನಿಮಾ ತರುವ ವೇದಿಕೆಗಳು ಬಂದು, ಉತ್ಸವಕ್ಕಾಗಿ ವರ್ಷವಿಡೀ ಕಾಯುವ ಅಗತ್ಯವೂ ಕಡಿಮೆಯಾಯಿತು. 2020ರ ಸಾಂಕ್ರಾಮಿಕದಲ್ಲಿ ನ್ಯೂಯಾರ್ಕ್ ಉತ್ಸವ ಪೂರ್ತಿ ಅಂತರ್ಜಾಲದಲ್ಲೇ ನಡೆಯಿತು. ಹಳೆಯ ಚಿತ್ರಗಳ ಉಳಿವು ಇನ್ನೂ ಚಿಂತೆಯ ವಿಷಯ. ಮರ್ಚೆಂಟ್ ಐವರಿ ಚಿತ್ರಗಳ ಹಕ್ಕನ್ನು ಅಮೆರಿಕದ ಸಂಸ್ಥೆಯೊಂದು ಕೊಂಡು ಹೊಸದಾಗಿ ಸಂಸ್ಕರಿಸಿತು. ‘ಮಿಸ್ಸಿಸ್ಸಿಪ್ಪಿ ಮಸಾಲಾ’ದ ಸಂಸ್ಕರಿಸಿದ ಪ್ರತಿ 2022ರಲ್ಲಿ ಬಂತು. ಸ್ವಂತ ಹಣದಲ್ಲಿ ಮಾಡಿದ ಸಣ್ಣ ಚಿತ್ರಗಳ ಟೇಪುಗಳಿಗೆ, ಉತ್ಸವಗಳ ಕರಪತ್ರಗಳಿಗೆ ಅಂಥ ಭಾಗ್ಯ ಒದಗುವುದು ಅಪರೂಪ.

ತಂದೆಯ ಸೂಪರ್ 8 ರೀಲುಗಳನ್ನು ಸಿನಿಮಾ ಮಾಡಿದ ಸಂಧ್ಯಾ ಸೂರಿ ಅವರ ಮೊದಲ ಕಥಾಚಿತ್ರ ‘ಸಂತೋಷ್’ 2024ರಲ್ಲಿ ಕಾನ್ ಉತ್ಸವದಲ್ಲಿ ತೆರೆಕಂಡಿತು. ಸತ್ತ ಗಂಡನ ಪೊಲೀಸ್ ಕೆಲಸ ಅನುಕಂಪದ ಮೇಲೆ ದೊರೆತ ವಿಧವೆಯೊಬ್ಬಳು ದಲಿತ ಹುಡುಗಿಯ ಕೊಲೆಯ ತನಿಖೆಯಲ್ಲಿ ಸಿಕ್ಕಿಕೊಳ್ಳುವ ಕಥೆ. ಭಾಷೆ ಹಿಂದಿ, ನೆಲ ಉತ್ತರ ಭಾರತ, ನಟರು ಭಾರತೀಯರು. ಆಸ್ಕರ್ ಸ್ಪರ್ಧೆಗೆ ಅದನ್ನು ತನ್ನ ಚಿತ್ರವೆಂದು ಕಳುಹಿಸಿದ್ದು ಬ್ರಿಟನ್. 2025ರಲ್ಲಿ ಭಾರತದ ಸೆನ್ಸಾರ್ ಮಂಡಳಿ ಕೇಳಿದ ಕತ್ತರಿಗಳಿಗೆ ಚಿತ್ರತಂಡ ಒಪ್ಪಲಾಗದೆ ಇಲ್ಲಿನ ಚಿತ್ರಮಂದಿರಗಳಲ್ಲಿ ಅದರ ಬಿಡುಗಡೆ ತಡೆಯಲ್ಪಟ್ಟಿತು.